ದಾದಿಯರು ಮತ್ತು ವೈದ್ಯರು: ಯಾರ ವಿದ್ಯೆ ಏನು, ಯಾರ ಹೊಣೆ ಯಾವುದು?

(ಗ್ರಾಮದ ಕುಟುಂಬ ಕಲ್ಯಾಣ ಶಿಬಿರದಲ್ಲಿ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಾನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: “ಡಾಕ್ಟರು ಇದ್ದಾರೆಯೋ, ಬರೀ ನರ್ಸಮ್ಮ ಇದ್ದಾರೆಯೋ?” ವೈದ್ಯರು ಇಲ್ಲವೆಂದು ತಿಳಿದೊಡನೆ ಕೆಲವರು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಬೇರೆ ಕೆಲವರು ಇದಕ್ಕೆ ವಿರುದ್ಧವಾಗಿ, “ಎಲ್ಲವನ್ನೂ ನರ್ಸಮ್ಮನೇ ನೋಡುತ್ತಾರೆ, ಡಾಕ್ಟರೇಕೆ?” ಎಂದು, ವೈದ್ಯರಲ್ಲಿಗೆ ಬರಲೇಬೇಕಾದ ಸಮಯದಲ್ಲಿಯೂ ಮನೆಯಲ್ಲೇ ಉಳಿಯುತ್ತಾರೆ. ಈ ಎರಡು ತಪ್ಪುಗಳಿಂದಲೂ ತಾಯಿಯ ಮತ್ತು ಕೂಸಿನ ಪ್ರಾಣಕ್ಕೆ ಅಪಾಯವುಂಟು. ಆದುದರಿಂದ ಇಬ್ಬರ ವಿದ್ಯಾಭ್ಯಾಸವೂ ಕರ್ತವ್ಯವೂ ಎಂಥವು ಎಂಬುದನ್ನು ಇಂದು ನಿಮಗೆ ತಿಳಿಸಬಯಸುತ್ತೇನೆ.

ವಿದ್ಯಾಭ್ಯಾಸ

ವೈದ್ಯರಾಗಬಯಸುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳನ್ನು ಓದಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅನಂತರ ನಾಲ್ಕೂವರೆ ವರ್ಷಗಳ ಎಂ.ಬಿ.ಬಿ.ಎಸ್. ವ್ಯಾಸಂಗ. ದೇಹದ ರಚನೆ, ಅದು ಕೆಲಸ ಮಾಡುವ ರೀತಿ, ರೋಗಗಳ ಕಾರಣ, ಔಷಧಗಳ ಗುಣದೋಷ, ಶಸ್ತ್ರಚಿಕಿತ್ಸೆ, ಪ್ರಸೂತಿ ಶಾಸ್ತ್ರ ಇವೆಲ್ಲವನ್ನೂ ಕಲಿಯುತ್ತಾರೆ. ಬಳಿಕ ಒಂದು ವರ್ಷ ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ ಹಿರಿಯರ ಕೈಕೆಳಗೆ ಕೆಲಸ ಮಾಡಿ, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಪ್ರಸೂತಿ ತಜ್ಞರಾಗಲು ಮತ್ತೂ ಮೂರು ವರ್ಷಗಳ ವ್ಯಾಸಂಗ ಬೇಕು.

ದಾದಿಯರಲ್ಲಿಯೂ ಬೇರೆ ಬೇರೆ ತರಬೇತಿ ಪಡೆದವರಿದ್ದಾರೆ. ನಿಮ್ಮ ಉಪಕೇಂದ್ರದಲ್ಲಿರುವ ಸಹಾಯಕ ಶುಶ್ರೂಷಕಿ ಎರಡು ವರ್ಷಗಳ ಎ.ಎನ್.ಎಂ. ತರಬೇತಿ ಪಡೆದವರು. ಹಿಂದೆ ಇವರನ್ನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿರುವ ಶುಶ್ರೂಷಕಿಯರು ಮೂರು ವರ್ಷಗಳ ಜಿ.ಎನ್.ಎಂ. ತರಬೇತಿಯನ್ನೋ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಯನ್ನೋ ಪಡೆದಿರುತ್ತಾರೆ. ಗಂಡಸರೂ ಈ ವಿದ್ಯೆಯನ್ನು ಕಲಿತು ಶುಶ್ರೂಷಕರಾಗುತ್ತಾರೆ. ಇವರೂ ತಮ್ಮ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಬಳಿಕವೇ ಸೇವೆಗೆ ಬರುತ್ತಾರೆ. ಆಶಾ ಕಾರ್ಯಕರ್ತೆಯರು ದಾದಿಯರಲ್ಲ. ಅವರು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಬಂದ, ನಿಮ್ಮ ಊರಿನವರೇ ಆದ ಸ್ವಯಂಸೇವಕಿಯರು. ನಿಮಗೂ ಆಸ್ಪತ್ರೆಗೂ ನಡುವಿನ ಕೊಂಡಿ.

ವರ್ಷಗಳ ಲೆಕ್ಕ ಹಾಕಿ, “ಐದೂವರೆ ವರ್ಷ ಕಲಿತವನು ದೊಡ್ಡವನು, ಎರಡು ವರ್ಷ ಕಲಿತವಳು ಚಿಕ್ಕವಳು” ಎಂದು ತೀರ್ಮಾನಿಸುವುದು ಸರಿಯಲ್ಲ. ದಾದಿಯ ವಿದ್ಯೆ ವೈದ್ಯನ ವಿದ್ಯೆಯ ಅರ್ಧ ಭಾಗವಲ್ಲ. ಅದು ಬೇರೆಯೇ ಒಂದು ವಿದ್ಯೆ. ರೋಗ ಯಾವುದು, ಅದಕ್ಕೆ ಚಿಕಿತ್ಸೆ ಏನು ಎಂದು ನಿರ್ಣಯಿಸುವುದು ವೈದ್ಯನ ಮುಖ್ಯ ಕೆಲಸ. ರೋಗಿಯ ಬಳಿಯಲ್ಲಿದ್ದು, ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳನ್ನು ಅಳೆದು, ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಸ್ಥಿತಿ ಬದಲಾಗುತ್ತಿದೆಯೇ ಎಂದು ಕಾಯುತ್ತಿರುವುದು ದಾದಿಯ ಮುಖ್ಯ ಕೆಲಸ. ನಾನು ಒಂದು ಹಾಸಿಗೆಯ ಬಳಿ ಕೆಲವು ನಿಮಿಷಗಳು ನಿಲ್ಲುತ್ತೇನೆ. ದಾದಿ ಇಡೀ ಪಾಳಿಯನ್ನು ಅಲ್ಲಿಯೇ ಕಳೆಯುತ್ತಾರೆ. ಬದಲಾವಣೆ ಮೊದಲು ಕಾಣುವುದು ಅವರ ಕಣ್ಣಿಗೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಸೇವೆಗೆ ಸೇರಿದ ಮೊದಲ ವರ್ಷ, ಹೆರಿಗೆ ಸುಸೂತ್ರವಾಗಿ ಮುಗಿಯಿತೆಂದು ನಾನು ಹೊರರೋಗಿಗಳನ್ನು ನೋಡುತ್ತಿದ್ದೆ. ಶುಶ್ರೂಷಕಿ ಬಂದು, “ಬಾಣಂತಿಗೆ ರಕ್ತಸ್ರಾವ ಹೆಚ್ಚಾಗುತ್ತಿದೆ, ಗರ್ಭಕೋಶ ಮೆತ್ತಗಾಗಿದೆ” ಎಂದರು. “ಸ್ವಲ್ಪ ತಾಳಿ, ಬರುತ್ತೇನೆ” ಎಂದೆ. ಅವರು ಹೋಗಲಿಲ್ಲ. “ತಾಳುವುದಕ್ಕೆ ಆಗುವುದಿಲ್ಲ ಸಾರ್, ಈಗಲೇ ಬನ್ನಿ” ಎಂದು ಬಾಗಿಲಲ್ಲಿಯೇ ನಿಂತರು. ನಾನು ಎದ್ದು ಹೋದೆ. ಆ ತಾಯಿ ಉಳಿದಳು. ನಾನು ಹೇಳಿದಂತೆ ತಾಳಿದ್ದರೆ ಉಳಿಯುತ್ತಿದ್ದಳೆಂದು ಹೇಳಲಾರೆ.

ದಾದಿಯರು ಮಾಡುವ ಕೆಲಸಗಳು

ಗರ್ಭ ನಿಂತ ಕೂಡಲೆ ಹೆಸರು ನೋಂದಾಯಿಸಿ ತಾಯಿ ಕಾರ್ಡು ಕೊಡುವವರು ನಿಮ್ಮ ಉಪಕೇಂದ್ರದ ಸಹಾಯಕಿಯೇ. ಹೆರಿಗೆಯೊಳಗೆ ಕಡಮೆಯೆಂದರೆ ನಾಲ್ಕು ಬಾರಿ ತಪಾಸಣೆ ಆಗಬೇಕು. ತೂಕ, ರಕ್ತದೊತ್ತಡ, ರಕ್ತದ ಹಿಮೋಗ್ಲೋಬಿನ್, ಮೂತ್ರ ಇವನ್ನು ಅವರು ಪರೀಕ್ಷಿಸುತ್ತಾರೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಮೆಯಿದ್ದರೆ ಅದು ರಕ್ತಹೀನತೆ; 7 ಗ್ರಾಮಿಗಿಂತ ಕಡಮೆಯಿದ್ದರೆ ತೀವ್ರ ಅಪಾಯ. ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಮಾತ್ರೆಗಳನ್ನು ಗರ್ಭಿಣಿಯಾಗಿದ್ದಾಗ 180 ದಿನ, ಬಾಣಂತಿಯಾದ ಮೇಲೆ ಮತ್ತೆ 180 ದಿನ ಸೇವಿಸಬೇಕು. ಮಲ ಕಪ್ಪಗಾಯಿತೆಂದು ಹೆದರಿ ಮಾತ್ರೆಗಳನ್ನು ಬಿಡಬಾರದು.

ಸಹಜ ಹೆರಿಗೆಯನ್ನು ತರಬೇತಿ ಪಡೆದ ದಾದಿಯರು ಸುರಕ್ಷಿತವಾಗಿ ಮಾಡಿಸಬಲ್ಲರು. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು ರಕ್ತಸ್ರಾವವನ್ನು ತಡೆಯುವುದು, ಕೂಸನ್ನು ಒರೆಸಿ ಬೆಚ್ಚಗಿಟ್ಟು ಎದೆಹಾಲು ಕುಡಿಸುವುದು, ಹುಟ್ಟಿದ ದಿನದ ಲಸಿಕೆಗಳನ್ನು ಹಾಕುವುದು ಇವೆಲ್ಲ ಅವರ ಕರ್ತವ್ಯವೇ ಆಗಿವೆ. ವೈದ್ಯರು ಪಕ್ಕದಲ್ಲಿಲ್ಲವೆಂಬ ಕಾರಣಕ್ಕೆ ಇಂಥ ಹೆರಿಗೆಯನ್ನು ಮನೆಗೆ ಒಯ್ಯುವುದು ಅವಿವೇಕ.

ವೈದ್ಯರೇ ಮಾಡಬೇಕಾದ ಕೆಲಸಗಳು

ಆದರೆ ಕೂಸು ಅಡ್ಡವಾಗಿದ್ದರೆ, ಹೆರಿಗೆ ಮುಂದುವರಿಯದೆ ನಿಂತರೆ, ಹಿಂದಿನ ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿದ್ದರೆ, ರಕ್ತ ಕೊಡಬೇಕಾದ ಸ್ಥಿತಿ ಇದ್ದರೆ ವೈದ್ಯರೇ ಬೇಕು. ಹೊಟ್ಟೆ ಕೊಯ್ದು ಕೂಸನ್ನು ತೆಗೆಯುವುದಕ್ಕೆ ಪ್ರಸೂತಿ ತಜ್ಞರೂ ಅರಿವಳಿಕೆ ಕೊಡಬಲ್ಲ ವೈದ್ಯರೂ ಇರುವ ಆಸ್ಪತ್ರೆಗೆ ಹೋಗಬೇಕು. ಅಂಥ ಸಂದರ್ಭದಲ್ಲಿ ನನ್ನಂಥ ಎಂ.ಬಿ.ಬಿ.ಎಸ್. ವೈದ್ಯನೂ ನಿಮ್ಮನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾನೆ. ತನ್ನ ವಿದ್ಯೆಯ ಎಲ್ಲೆಯನ್ನು ಅರಿತವನೇ ನಂಬಿಕೆಗೆ ಯೋಗ್ಯನು.

ಗರ್ಭ ತೆಗೆಸುವ ವಿಷಯದಲ್ಲಿ ಒಂದು ಎಚ್ಚರಿಕೆ. 1971ರ ಕಾಯಿದೆಯ ಪ್ರಕಾರ ಇದನ್ನು ಅರ್ಹತೆ ಪಡೆದ ನೋಂದಾಯಿತ ವೈದ್ಯರು ಮಾತ್ರ ಮಾಡಬಹುದು. ಔಷಧದಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದೂ, ಬಿಳಿ ಕೋಟು ತೊಟ್ಟು ಸೂಜಿ ಹಿಡಿದವರನ್ನೆಲ್ಲ ನಂಬುವುದೂ ಪ್ರಾಣಕ್ಕೆ ಎರವಾಗಬಹುದು.

ಕುಟುಂಬ ಯೋಜನೆಯಲ್ಲಿ ಇಬ್ಬರ ಪಾತ್ರ

ನಿರೋಧ್, ನುಂಗುವ ಮಾತ್ರೆಗಳು, ತಾಮ್ರದ ವಂಕಿ ಇವುಗಳ ವಿಷಯದಲ್ಲಿ ನೀವು ಮೊದಲು ಕಾಣಬೇಕಾದವರು ನಿಮ್ಮ ದಾದಿ. ಗರ್ಭಕೋಶದೊಳಗಿಡುವ ಕಾಪರ್-ಟಿ 380ಎ ವಂಕಿಯನ್ನು ತರಬೇತಿ ಪಡೆದ ದಾದಿಯರು ಅಳವಡಿಸಬಲ್ಲರು. ಅದು ಹತ್ತು ವರ್ಷಗಳವರೆಗೆ ರಕ್ಷಣೆ ನೀಡುತ್ತದೆ, ಬೇಡವೆಂದಾಗ ತೆಗೆಸಬಹುದು. ‘ಛಾಯಾ’ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೊಮ್ಮೆ ನುಂಗಬೇಕು. ‘ಅಂತರ’ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಅದನ್ನು ಆರಂಭಿಸುವ ಮೊದಲು ವೈದ್ಯರ ತಪಾಸಣೆ ಆಗಲಿ.

ಸಂತಾನ ಸಾಕೆನಿಸಿದವರು ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಅದಕ್ಕಾಗಿ ತರಬೇತಿ ಪಡೆದ ವೈದ್ಯರೇ ಮಾಡುತ್ತಾರೆ. ಸಹೋದರರೇ, ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸರಳವಾದುದು. ಹೊಟ್ಟೆ ತೆರೆಯಬೇಕಾಗಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಪುರುಷತ್ವಕ್ಕೂ ದುಡಿಮೆಯ ಶಕ್ತಿಗೂ ಕುಂದಿಲ್ಲ. ಅನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಯಾವ ವಿಧಾನವಾದರೂ ಸರಿ, ದಂಪತಿಗಳಿಬ್ಬರೂ ತಿಳಿದು ಒಪ್ಪಿದ ಮೇಲೆಯೇ ಆಗತಕ್ಕದ್ದು.

ಮರೆಯಲಾಗದ ಒಂದು ಸಂಗತಿ

ಕೊನೆಯದಾಗಿ ಒಂದು ಮಾತು. ಹೆಸರು, ಊರು ಬೇಡ. ಚೊಚ್ಚಲ ಗರ್ಭಿಣಿ, ಎಂಟು ತಿಂಗಳು. ತಪಾಸಣೆಯಲ್ಲಿ ನಮ್ಮ ಸಹಾಯಕಿಗೆ ರಕ್ತದೊತ್ತಡ 160/110 ಎಂದು ಕಂಡಿತು. ಮೂತ್ರದಲ್ಲಿ ಪ್ರೋಟೀನ್ ಅಂಶವಿತ್ತು. “ಇಂದೇ ಆಸ್ಪತ್ರೆಗೆ ಹೋಗಿ” ಎಂದು ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಮನೆಯ ಹಿರಿಯರು, “ಬಸುರಿಯ ಕಾಲು ಊದುವುದು ಹೊಸದೇ? ನರ್ಸಮ್ಮನಿಗೇನು ಗೊತ್ತು? ಸೋಮವಾರ ಡಾಕ್ಟರಿಗೇ ತೋರಿಸೋಣ” ಎಂದರು. ಭಾನುವಾರ ರಾತ್ರಿ ಆಕೆಗೆ ಸೆಳೆತ ಬಂದಿತು. ಕರೆತಂದಾಗ ಕೂಸಿನ ಎದೆಬಡಿತ ನಿಂತಿತ್ತು. ಶುಶ್ರೂಷಕಿ ಸೆಳೆತ ತಡೆಯುವ ಚುಚ್ಚುಮದ್ದನ್ನು ಕೊಟ್ಟರು. ನಾನು 108 ವಾಹನದಲ್ಲಿ ಆಕೆಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ತಾಯಿ ಬದುಕಿದಳು.

ಕೆಲವು ದಿನಗಳ ಬಳಿಕ ಆಕೆಯ ಗಂಡ ನನ್ನಲ್ಲಿಗೆ ಬಂದು ಕೇಳಿದ: “ಅವತ್ತು ನೀವೇ ಇದ್ದಿದ್ದರೆ ಏನು ಹೇಳುತ್ತಿದ್ದಿರಿ ಸ್ವಾಮಿ?” ನಾನು ಸುಳ್ಳು ಹೇಳಲಾರದೆ ಉತ್ತರಿಸಿದೆ: “ನರ್ಸಮ್ಮ ಹೇಳಿದ್ದನ್ನೇ ಹೇಳುತ್ತಿದ್ದೆನಪ್ಪ.” ಆತ ಮತ್ತೇನೂ ಕೇಳಲಿಲ್ಲ.

ಆದುದರಿಂದ ದಂಪತಿಗಳು ಇಷ್ಟನ್ನು ನೆನಪಿಡಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣಿಸುವುದು, ನೀರು ಒಡೆಯುವುದು, ಜ್ವರ, ಕೂಸಿನ ಚಲನೆ ಕಡಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಆರೋಗ್ಯ ಕಾರ್ಯಕರ್ತೆಗೆ ಕೂಡಲೆ ತಿಳಿಸಿ. “ಹೋಗಿ” ಎಂದವರು ದಾದಿಯೋ ವೈದ್ಯರೋ ಎಂದು ವಿಚಾರಿಸುತ್ತ ಕುಳಿತುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ ಹೊರಡಿ. ಮನೆಯಲ್ಲಿ ಹಿರಿಯರು ತಡೆದರೆ, ಅವರಿಗೆ ವಿನಯದಿಂದ ತಿಳಿಹೇಳಿ ಹೆಂಡತಿಯನ್ನು ಕರೆದೊಯ್ಯುವುದು ಗಂಡನಾದವನ ಕರ್ತವ್ಯ.

ದಾದಿ ಕಂಡು ಹೇಳಬೇಕು, ವೈದ್ಯ ಕೇಳಿ ನಿರ್ಣಯಿಸಬೇಕು, ಮನೆಯವರು ನಂಬಿ ಹೊರಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥವಾಗುತ್ತವೆ.