ಒಂದು ಸಿಸೇರಿಯನ್ ಆದ ಮೇಲೆ

(ಸಯನ್‌ನಲ್ಲಿ ಸೇರಿದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡುಗಳ ವಿಷಯ ಮಾತಾಡುವ ನಾವು ಇಂದು ಹೆರಿಗೆಯ ಮಾತೆತ್ತಿದ್ದೇಕೆಂದು ಕೆಲವರು ಹುಬ್ಬೇರಿಸಬಹುದು. ಹೆಂಗಸರ ವಿಷಯವೆಂದು ಗಂಡಸರು ಪಕ್ಕಕ್ಕೆ ಸರಿಯುವುದುಂಟು. ಆದರೆ ಊರಿಗೆ ಟಿಕೇಟು ತೆಗೆಯುವವರು ನಾವೇ. ಆಸ್ಪತ್ರೆಯ ಕಾಗದಗಳಿರುವುದೂ ನಮ್ಮ ಟ್ರಂಕಿನಲ್ಲೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ಬೇಕಾದಾಗ ಮಾಡಿದ ಸಿಸೇರಿಯನ್ ತಾಯಿಯನ್ನೂ ಮಗುವನ್ನೂ ಉಳಿಸುತ್ತದೆ. ಅದನ್ನು ಹಳಿಯುವವರು ನಾವಲ್ಲ. (ನಕ್ಷತ್ರ ನೋಡಿ ಹೊಟ್ಟೆ ಕೊಯ್ಯಿಸುವವರ ಮಾತು ಬೇರೆ.) ಆದರೆ ಗರ್ಭಕೋಶದಲ್ಲಿ ಒಂದು ಕಲೆ ಉಳಿಯುತ್ತದೆ. ಮುಂದಿನ ಬಸಿರಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ದೋಸೆ ಹೊಯ್ದವರಿಗೆ ಇದು ಬೇಗ ತಿಳಿಯುತ್ತದೆ. ಹದವಾದ ಕಾವಲಿಯಿಂದ ದೋಸೆ ತಾನಾಗಿ ಎದ್ದು ಬರುತ್ತದೆ. ಹದ ಕೆಟ್ಟ ಜಾಗದಲ್ಲಿ ಹಿಟ್ಟು ಕಚ್ಚಿಕೊಳ್ಳುತ್ತದೆ. ಸಟ್ಟುಗ ಹಾಕಿ ಎಬ್ಬಿಸಿದರೆ ಹರಿಯುತ್ತದೆ. ಮಾಸೂ ಹಾಗೆಯೇ. ಮಗು ಹುಟ್ಟಿದ ಮೇಲೆ ಅದು ತಾನಾಗಿ ಬಿಟ್ಟು ಬರಬೇಕು. ಹಳೆಯ ಕಲೆಯಿರುವಲ್ಲಿ ಗರ್ಭಕೋಶದ ಒಳಪದರ ಸರಿಯಾಗಿರುವುದಿಲ್ಲ. ಮಾಸು ಅಲ್ಲೇ ಊರಿದರೆ ಸ್ನಾಯುವಿನೊಳಗೆ ಬೇರು ಬಿಡಬಹುದು, ಕೆಲವೊಮ್ಮೆ ಮೂತ್ರಕೋಶದವರೆಗೂ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮೈಯಲ್ಲಿರುವುದೇ ಐದಾರು ಲೀಟರು. ಅಂಥ ಮಾಸನ್ನು ಕೈಹಾಕಿ ಕಿತ್ತರೆ ಏನಾದೀತೆಂದು ನೀವೇ ಲೆಕ್ಕ ಹಾಕಿ. ಬಹಳ ಸಲ ಗರ್ಭಕೋಶವನ್ನೇ ತೆಗೆದು ತಾಯಿಯನ್ನು ಉಳಿಸಬೇಕಾಗುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತವರಲ್ಲೇ ಭಯ ಹೆಚ್ಚು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹೀಗೆ ಅಡ್ಡ ಕೂತವರ ಪೈಕಿ ಮೊದಲು ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ 11 ಮಂದಿಗೆ, ಎರಡು ಆದವರಲ್ಲಿ 40 ಮಂದಿಗೆ ಮಾಸು ಕಚ್ಚಿಕೊಂಡಿತ್ತು.

ಐದನೆಯ ತಿಂಗಳ ಸೋನೋಗ್ರಫಿಯಲ್ಲಿ ಮಾಸು ಎಲ್ಲಿದೆಯೆಂದು ಕಾಣುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದು ಕಾನೂನಿಗೆ ವಿರುದ್ಧ, ನಾಚಿಕೆಗೇಡು ಕೂಡ. ‘ಮಾಸು ಎಲ್ಲಿದೆ, ಹಳೆಯ ಕಲೆಯ ಮೇಲಿದೆಯೇ?’ ಎಂದು ಕೇಳಿ. ಕೆಳಗಿದ್ದರೆ ಎಂಟನೆಯ ತಿಂಗಳಲ್ಲಿ ಮತ್ತೆ ನೋಡಿಸಬೇಕು. ಅನೇಕರಿಗೆ ಗರ್ಭ ಬೆಳೆದಂತೆ ಅದು ಮೇಲಕ್ಕೆ ಸರಿಯುತ್ತದೆ. ನಡುವೆ ರಕ್ತ ಕಂಡರೆ, ನೋವಿಲ್ಲವಲ್ಲ ಎಂದು ಮಲಗಬಾರದು. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ತವರಿನ ಪದ್ಧತಿ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮತ್ಸ್ಯಗಂಧ ರೈಲಿನಲ್ಲಿ ಕೂರಿಸುತ್ತೇವೆ. ನಡುರಾತ್ರಿ ಕೊಂಕಣದ ಸುರಂಗಗಳ ನಡುವೆ ರಕ್ತ ಹೋಗತೊಡಗಿದರೆ ಯಾವ ಸ್ಟೇಶನ್ನಿನಲ್ಲಿ ಇಳಿಸುವಿರಿ? ಮೊದಲು ಸಿಸೇರಿಯನ್ ಆಗಿದ್ದು ಮಾಸೂ ಕೆಳಗಿದೆಯೆಂದರೆ ಡಾಕ್ಟರರನ್ನು ಕೇಳದೆ ಟಿಕೇಟು ತೆಗೆಯಬೇಡಿ. ಮಾಸು ಕಚ್ಚಿದೆಯೆಂಬ ಸಂಶಯವಿದ್ದರೆ, ನೋವು ಬರುವವರೆಗೆ ಕಾಯದೆ, ಸಾಮಾನ್ಯವಾಗಿ 34ರಿಂದ 36ನೆಯ ವಾರದೊಳಗೆ ಆಪರೇಶನ್ ನಿಶ್ಚಯಿಸುತ್ತಾರೆ. ರಕ್ತನಿಧಿ, ಅರಿವಳಿಕೆಯ ಡಾಕ್ಟರು, ಶಸ್ತ್ರವೈದ್ಯರು ಹಗಲೂ ರಾತ್ರಿ ಇರುವ ಕಡೆಯೇ ಅದು ಆಗಬೇಕು. ಊರಿನಲ್ಲಾದರೆ ಮಂಗಳೂರಿನ ಲೇಡಿ ಗೋಶನ್ ಇದೆ, ಮಣಿಪಾಲದ ಕಸ್ತೂರ್ಬಾ ಇದೆ. ಇಲ್ಲಿ ಲೋಕಮಾನ್ಯ ತಿಲಕ್ ಆಸ್ಪತ್ರೆ, ಅಂದರೆ ನಮ್ಮ ಸಯನ್ ಆಸ್ಪತ್ರೆಯೇ ಇದೆ. 1947ರಲ್ಲಿ ಆರಂಭವಾದ ಪಾಲಿಕೆಯ ಆಸ್ಪತ್ರೆಯದು. 1964ರಿಂದ ಮೆಡಿಕಲ್ ಕಾಲೇಜೂ ನಡೆಯುತ್ತಿದೆ. ಸಾಲು ಉದ್ದ, ನಿಜ. ಅದಕ್ಕೇ ಬೇಗ ಹೆಸರು ಬರೆಸಬೇಕು.

ಮೊದಲ ಆಪರೇಶನ್ನಿನ ಡಿಸ್ಚಾರ್ಜ್ ಕಾಗದದ ಎರಡು ಪ್ರತಿ ಮಾಡಿಸಿ. ಒಂದು ಹೆಂಡತಿಯ ಕೈಯಲ್ಲಿರಲಿ, ಒಂದು ನಿಮ್ಮಲ್ಲಿ. ರಕ್ತ ಕೊಡಲು ಸಿದ್ಧರಿರುವವರು ಸಭೆ ಮುಗಿದೊಡನೆ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು, ರಕ್ತದ ಗುಂಪು, ಇರುವ ಹೋಟೆಲಿನ ವಿಳಾಸ ಬರೆಸಿ. ರಾತ್ರಿ ಪಾಳಿಯವರು ಮೊದಲು ಬರೆಸಿ ಹೊರಡಬಹುದು.