ಅಮೆರಿಕಾ ಸಂಸ್ಥಾನಗಳ ಗವರ್ನರರ ಚುನಾವಣೆ

ಗವರ್ನರ್ ಎಂಬ ಪದವು ನಮ್ಮ ಕಿವಿಗೆ ಹೊಸದಲ್ಲ. ಆದರೆ ಅದನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡತಕ್ಕ ಚಿತ್ರವು ಒಂದಾದರೆ, ಅಮೆರಿಕಾದವರ ಮನಸ್ಸಿನಲ್ಲಿ ಮೂಡತಕ್ಕದ್ದು ಇನ್ನೊಂದು. ರಾಜಭವನದಲ್ಲಿ ವಾಸಮಾಡುವುದು, ಮಂತ್ರಿಗಳಿಗೆ ಪ್ರಮಾಣವಚನವನ್ನು ಬೋಧಿಸುವುದು, ಸರ್ಕಾರದವರು ಸಿದ್ಧಪಡಿಸಿಕೊಟ್ಟ ಭಾಷಣವನ್ನು ಶಾಸನಸಭೆಯಲ್ಲಿ ಓದುವುದು—ಇವು ನಾವು ಬಲ್ಲ ರಾಜ್ಯಪಾಲರ ಕಾರ್ಯಗಳು. ಅವರನ್ನು ನೇಮಿಸತಕ್ಕವರು ರಾಷ್ಟ್ರಪತಿಗಳು. ನಾವಾರೂ ಅವರಿಗಾಗಿ ಮತ ಕೊಡುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗವರ್ನರಾದರೋ ನಮ್ಮ ಮುಖ್ಯಮಂತ್ರಿಗಳಿಗೆ ಹತ್ತಿರದವರು. ಜನರೇ ಅವರನ್ನು ನೇರವಾಗಿ ಆರಿಸುವರು. ಶಾಲೆ, ರಸ್ತೆ, ತೆರಿಗೆ, ಸೆರೆಮನೆ, ಆಸ್ಪತ್ರೆ ಮೊದಲಾದ ಸಂಸ್ಥಾನದ ಆಡಳಿತವೆಲ್ಲವೂ ಅವರ ಹೊಣೆ. ಶಾಸನಸಭೆಯು ಒಪ್ಪಿದ ಮಸೂದೆಗೆ ಅಂಕಿತ ಹಾಕದೆ ಹಿಂದಿರುಗಿಸುವ ಅಧಿಕಾರವೂ ಅವರಿಗುಂಟು.

ನಮ್ಮ ದೇಶದಲ್ಲಿಯೂ ಇಂತಹ ಗವರ್ನರರು ಇರಬಹುದಾಗಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ೧೯೪೭ರಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯಲ್ಲಿದ್ದ ಸಮಿತಿಯು, ಪ್ರಾಂತಗಳ ಗವರ್ನರರನ್ನು ವಯಸ್ಕರೆಲ್ಲರ ಮತದಿಂದ ಆರಿಸಬೇಕೆಂದು ಸೂಚಿಸಿತ್ತು. ಜನರಿಂದ ಆರಿಸಲ್ಪಟ್ಟ ಗವರ್ನರೊಬ್ಬರು, ಶಾಸನಸಭೆಯ ವಿಶ್ವಾಸವನ್ನು ಪಡೆದ ಮುಖ್ಯಮಂತ್ರಿಯೊಬ್ಬರು, ಹೀಗೆ ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಕಲಹ ತಪ್ಪದೆಂಬ ಶಂಕೆಯಿಂದ, ರಾಜ್ಯಾಂಗ ರಚನಾ ಸಭೆಯು ೧೯೪೯ರ ಮೇ ತಿಂಗಳಿನಲ್ಲಿ ಆ ಸೂಚನೆಯನ್ನು ಕೈಬಿಟ್ಟಿತು. ಅಮೆರಿಕಾದಲ್ಲಿ ಯಜಮಾನನು ಒಬ್ಬನೇ ಆದದ್ದರಿಂದ ಆ ತೊಡಕಿಲ್ಲ. ಅಲ್ಲಿಯ ತೊಡಕು ಬೇರೊಂದು. ಆ ಯಜಮಾನನನ್ನು ಯಾವ ವರ್ಷ ಆರಿಸಬೇಕು ಎಂಬುದು.

ಅಮೆರಿಕಾದ ಅಧ್ಯಕ್ಷರ ಚುನಾವಣೆಯು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. ಎರಡು ಅಧ್ಯಕ್ಷ ಚುನಾವಣೆಗಳ ನಟ್ಟನಡುವೆ ಬರತಕ್ಕ ವರ್ಷವನ್ನು ನಡುವರ್ಷವೆಂದು ಕರೆಯೋಣ. ೨೦೧೮, ೨೦೨೨, ೨೦೨೬ ಇಂತಹ ವರ್ಷಗಳು. ನಮ್ಮಲ್ಲಿ ಮಧ್ಯಂತರ ಚುನಾವಣೆಯೆಂದರೆ ಸಭೆಯು ಅವಧಿಗೆ ಮುಂಚೆ ವಿಸರ್ಜಿತವಾಗಿ ಬರುವ ಚುನಾವಣೆ. ಅಲ್ಲಿಯದು ಹಾಗಲ್ಲ, ಅದು ಪಂಚಾಂಗದಲ್ಲಿ ಮೊದಲೇ ಬರೆದಿಟ್ಟ ಹಬ್ಬದಂತೆ ನವೆಂಬರಿನ ಮೊದಲ ಸೋಮವಾರದ ಮರುದಿನ ತಪ್ಪದೆ ಬರುತ್ತದೆ. ಐವತ್ತು ಸಂಸ್ಥಾನಗಳಲ್ಲಿ ೩೬ ಸಂಸ್ಥಾನಗಳು ತಮ್ಮ ಗವರ್ನರರನ್ನು ಆರಿಸುವುದು ನಡುವರ್ಷದಲ್ಲಿ. ಅಧ್ಯಕ್ಷರ ಚುನಾವಣೆಯ ವರ್ಷದಲ್ಲಿ ಆರಿಸತಕ್ಕವು ೧೧ ಮಾತ್ರ. ಗವರ್ನರರ ಅವಧಿಯು ಎರಡೇ ವರ್ಷಗಳಾದ ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ಎರಡು ಲೆಕ್ಕಗಳಲ್ಲಿಯೂ ಸೇರುತ್ತವೆ. ಉಳಿದ ಐದು ಸಂಸ್ಥಾನಗಳು ಬೆಸ ಸಂಖ್ಯೆಯ ವರ್ಷಗಳನ್ನು ಆರಿಸಿಕೊಂಡಿವೆ.

ಇದು ಆಕಸ್ಮಿಕವಾಗಿ ಬಂದ ಏರ್ಪಾಡಲ್ಲ. ನ್ಯೂಯಾರ್ಕ್ ಸಂಸ್ಥಾನವು ೧೯೩೮ರಲ್ಲಿ ಗವರ್ನರರ ಅವಧಿಯನ್ನು ಎರಡು ವರ್ಷಗಳಿಂದ ನಾಲ್ಕಕ್ಕೆ ಏರಿಸಿದಾಗ, ಚುನಾವಣೆಯನ್ನು ನಡುವರ್ಷಕ್ಕೆ ನಿಲ್ಲಿಸಿಕೊಂಡಿತು. ಫ್ಲಾರಿಡಾ ಸಂಸ್ಥಾನವು ೧೯೬೪ರಲ್ಲಿ ಗವರ್ನರರೊಬ್ಬರನ್ನು ಎರಡೇ ವರ್ಷಗಳ ಮಟ್ಟಿಗೆ ಆರಿಸಿ, ೧೯೬೬ರಿಂದ ನಡುವರ್ಷದ ಪದ್ಧತಿಗೆ ಬಂದಿತು. ಇಲಿನಾಯ್ ಸಂಸ್ಥಾನವೂ ೧೯೭೬ರಲ್ಲಿ ಇದೇ ಉಪಾಯವನ್ನು ಹಿಡಿದು ೧೯೭೮ರಿಂದ ದಾರಿ ಬದಲಿಸಿತು. ಉದ್ದೇಶವು ಸ್ಪಷ್ಟವಾಗಿದೆ. ಅಧ್ಯಕ್ಷರ ಚುನಾವಣೆಯ ಅಬ್ಬರದಲ್ಲಿ ಸಂಸ್ಥಾನದ ಶಾಲೆ, ರಸ್ತೆಗಳ ಮಾತನ್ನು ಕೇಳುವವರಾರು? ಮದುವೆಯ ಗದ್ದಲದಲ್ಲಿ ತಾಳಿಯನ್ನೇ ಮರೆತರೆಂಬ ಗಾದೆಯಂತೆ ಆಗಬಾರದು. ಮನೆಯ ವಿಚಾರಕ್ಕೆ ಬೇರೊಂದು ದಿನವಿರಲಿ ಎಂಬುದೇ ಅದು.

ಉದ್ದೇಶವು ಕೈಗೂಡಿತೆ? ಪೂರ್ಣವಾಗಿ ಕೈಗೂಡಲಿಲ್ಲವೆಂದು ಹೇಳಬೇಕಾಗಿದೆ. ನಡುವರ್ಷದಲ್ಲಿ ಅಧ್ಯಕ್ಷರ ಹೆಸರು ಮತಪತ್ರದ ಮೇಲೆ ಇರುವುದಿಲ್ಲ, ನಿಜ. ಆದರೆ ಕೇಂದ್ರ ಶಾಸನಸಭೆಯ ಕೆಳಮನೆಯ ೪೩೫ ಸ್ಥಾನಗಳಿಗೂ, ಮೇಲ್ಮನೆಯಾದ ಸೆನೆಟ್ಟಿನ ಸುಮಾರು ಮೂರನೆಯ ಒಂದು ಭಾಗಕ್ಕೂ ಅದೇ ದಿನ ಚುನಾವಣೆ. ಆದಕಾರಣ ವಾಷಿಂಗ್‌ಟನ್ನಿನ ಗಾಳಿಯು ಸಂಸ್ಥಾನದ ಕಿಟಕಿಯೊಳಕ್ಕೂ ಬೀಸದೆ ಇರದು. ಅಧ್ಯಕ್ಷರ ಮೇಲಣ ಅಸಮಾಧಾನವನ್ನು ಅವರ ಪಕ್ಷದ ಗವರ್ನರರ ಮೇಲೆ ತೀರಿಸಿಕೊಂಡ ನಿದರ್ಶನಗಳು ಹಲವುಂಟು. ಡೆಮೊಕ್ರಾಟಿಕ್ ಪಕ್ಷದ ಕ್ಲಿಂಟನ್ನರು ಅಧ್ಯಕ್ಷರಾಗಿದ್ದ ೧೯೯೪ರಲ್ಲಿ, ಅದೇ ಪಕ್ಷದ ಮಾರಿಯೋ ಕ್ಯೂಮೋ ಅವರು ನ್ಯೂಯಾರ್ಕಿನಲ್ಲಿಯೂ, ಆನ್ ರಿಚರ್ಡ್ಸ್ ಅವರು ಟೆಕ್ಸಾಸಿನಲ್ಲಿಯೂ ಪದವಿಯನ್ನು ಕಳೆದುಕೊಂಡರು. ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರ ಕಾಲದ ೨೦೧೮ರಲ್ಲಿ ಡೆಮೊಕ್ರಾಟರು ಒಟ್ಟಿನ ಮೇಲೆ ಏಳು ಗವರ್ನರ್ ಪದವಿಗಳನ್ನು ಹೆಚ್ಚಾಗಿ ಗಳಿಸಿದರು. ಗಾಳಿ ಬಂದಾಗ ತೂರಿಕೋ ಎಂಬ ಮಾತು ಅಲ್ಲಿಯ ರಾಜಕಾರಣಿಗಳಿಗೂ ಚೆನ್ನಾಗಿ ತಿಳಿದಿದೆ.

ಹಾಗೆಂದು ಜನರು ಗಾಳಿ ಬೀಸಿದತ್ತ ಬಾಗುವ ಜೊಂಡಷ್ಟೇ ಎಂದು ತೀರ್ಮಾನಿಸುವುದು ಸಲ್ಲದು. ೧೯೮೬ರಲ್ಲಿ, ರೇಗನ್ನರ ರಿಪಬ್ಲಿಕನ್ ಪಕ್ಷವು ಸೆನೆಟ್ಟಿನಲ್ಲಿ ಎಂಟು ಸ್ಥಾನಗಳನ್ನು ಕಳೆದುಕೊಂಡಿತು. ಅದೇ ದಿನ ಎಂಟು ಗವರ್ನರ್ ಪದವಿಗಳನ್ನು ಹೆಚ್ಚಾಗಿ ಪಡೆಯಿತು. ವರ್ಮಾಂಟ್ ಸಂಸ್ಥಾನವು ೨೦೨೨ರಲ್ಲಿ ಸೆನೆಟ್ಟಿಗೆ ಡೆಮೊಕ್ರಾಟರಾದ ಪೀಟರ್ ವೆಲ್ಚ್ ಅವರನ್ನು ಕಳುಹಿಸಿ, ಅದೇ ದಿನ ನೂರಕ್ಕೆ ೭೦ಕ್ಕೂ ಹೆಚ್ಚು ಮತಗಳಿಂದ ರಿಪಬ್ಲಿಕನ್ನರಾದ ಫಿಲ್ ಸ್ಕಾಟ್ ಅವರನ್ನು ಗವರ್ನರರಾಗಿ ಉಳಿಸಿಕೊಂಡಿತು. ಒಂದೇ ಕೈ, ಎರಡು ವಿವೇಚನೆ.

ಇವೆಲ್ಲಕ್ಕಿಂತಲೂ ಬೋಧಪ್ರದವಾದದ್ದು ಕ್ಯಾನ್ಸಸ್ ಸಂಸ್ಥಾನದ ವೃತ್ತಾಂತ. ಗೋಧಿಯ ಹೊಲಗಳ ಆ ನಾಡು ಬಹುಕಾಲದಿಂದಲೂ ರಿಪಬ್ಲಿಕನ್ ಪಕ್ಷದ ಕೋಟೆ. ೨೦೧೦ರ ನಡುವರ್ಷದಲ್ಲಿ ಗವರ್ನರರಾಗಿ ಆರಿಸಲ್ಪಟ್ಟ ಸ್ಯಾಮ್ ಬ್ರೌನ್‌ಬ್ಯಾಕ್ ಅವರು ೨೦೧೨ರಲ್ಲಿ ವರಮಾನ ತೆರಿಗೆಯನ್ನು ಬಹುವಾಗಿ ಇಳಿಸಿ, ಅನೇಕ ವ್ಯಾಪಾರಗಳ ವರಮಾನಕ್ಕೆ ಸಂಪೂರ್ಣ ವಿನಾಯಿತಿಯನ್ನು ಕೊಟ್ಟರು. ತೆರಿಗೆ ಇಳಿದರೆ ಉದ್ಯಮವು ಬೆಳೆದು ಬೊಕ್ಕಸವು ತಾನಾಗಿಯೇ ತುಂಬುವುದೆಂಬುದು ಅವರ ನಂಬಿಕೆ. ಬೊಕ್ಕಸವು ತುಂಬಲಿಲ್ಲ, ಬರಿದಾಯಿತು. ಶಾಲೆಗಳಿಗೆ ಸಲ್ಲಬೇಕಾದ ಹಣದ ವಿಚಾರವು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿತು. ಆದರೂ ೨೦೧೪ರ ಚುನಾವಣೆಯಲ್ಲಿ, ರಾಷ್ಟ್ರದ ಗಾಳಿಯು ಅವರ ಪಕ್ಷಕ್ಕೆ ಅನುಕೂಲವಾಗಿದ್ದ ಕಾಲದಲ್ಲಿ, ಅವರು ಅಲ್ಪ ಅಂತರದಿಂದ ಮತ್ತೆ ಗೆದ್ದರು. ಕಡೆಗೆ ೨೦೧೭ರಲ್ಲಿ ಅವರ ಪಕ್ಷದವರೇ ಹೆಚ್ಚಾಗಿದ್ದ ಶಾಸನಸಭೆಯು ಅವರ ನಿರಾಕರಣೆಯನ್ನು ಮೀರಿ ತೆರಿಗೆಯ ಕಾಯಿದೆಯನ್ನು ಹಿಂದೆಗೆಯಿತು. ೨೦೧೮ರಲ್ಲಿ, ಟ್ರಂಪ್ ಅವರ ಬೆಂಬಲವನ್ನು ಪಡೆದಿದ್ದ ಅಭ್ಯರ್ಥಿಯನ್ನು ಸೋಲಿಸಿ, ಡೆಮೊಕ್ರಾಟಿಕ್ ಪಕ್ಷದ ಲಾರಾ ಕೆಲ್ಲಿ ಎಂಬ ಮಹಿಳೆಯು ಗವರ್ನರರಾದರು. ೨೦೨೨ರಲ್ಲಿ ಪುನಃ ಆರಿಸಲ್ಪಟ್ಟರು. ಎರಡೇ ವರ್ಷ ಹಿಂದೆ, ೨೦೧೬ರಲ್ಲಿ, ಅದೇ ಜನರು ಟ್ರಂಪ್ ಅವರಿಗೆ ಭಾರಿ ಬಹುಮತವನ್ನು ಕೊಟ್ಟಿದ್ದರು. ಅವರು ತಮ್ಮ ಪಕ್ಷವನ್ನು ಬಿಟ್ಟರೆಂದು ಇದರಿಂದ ತಿಳಿಯಬಾರದು. ತಮ್ಮ ಶಾಲೆಯ ಲೆಕ್ಕವನ್ನು ಬೇರೆಯಾಗಿ ಕೇಳಿದರು, ಅಷ್ಟೆ. ಕೇಳಲು ಬೇರೊಂದು ದಿನವಿದ್ದುದು ಅವರಿಗೆ ಅನುಕೂಲವಾಯಿತು.

ಈ ಅನುಕೂಲಕ್ಕೆ ಒಂದು ಬೆಲೆಯೂ ಉಂಟು. ಅಧ್ಯಕ್ಷರ ಚುನಾವಣೆಗೆ ಬರುವಷ್ಟು ಜನ ನಡುವರ್ಷದಲ್ಲಿ ಬರುವುದಿಲ್ಲ. ೨೦೨೦ರಲ್ಲಿ ಅರ್ಹರಾದ ಮತದಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರು ಮತ ಕೊಟ್ಟರು. ೨೦೧೮ರಲ್ಲಿ ಹೀಗೆ ಮತ ಕೊಟ್ಟವರು ಸುಮಾರು ಅರ್ಧದಷ್ಟು. ಅದನ್ನೇ ಒಂದು ಶತಮಾನದಲ್ಲಿ ಕಾಣದ ಉತ್ಸಾಹವೆಂದು ಹೊಗಳಿದರು. ೨೦೧೪ರಲ್ಲಿಯಾದರೋ ಮೂರರಲ್ಲಿ ಒಂದು ಪಾಲನ್ನು ಸ್ವಲ್ಪವೇ ಮೀರಿತ್ತು. ಮನೆಯಲ್ಲಿ ಉಳಿದವರ ಉದಾಸೀನತೆಯ ಫಲವು ಒಂದು ಅವಧಿಗೆ ಮುಗಿಯುವುದಿಲ್ಲ. ಹತ್ತು ವರ್ಷಗಳಿಗೊಮ್ಮೆ ಜನಗಣತಿಯಾದ ಮೇಲೆ ಮತಕ್ಷೇತ್ರಗಳ ಎಲ್ಲೆಯನ್ನು ಹೊಸದಾಗಿ ಎಳೆಯಬೇಕು. ಬಹು ಸಂಸ್ಥಾನಗಳಲ್ಲಿ ಅದನ್ನು ಎಳೆಯತಕ್ಕದ್ದು ಶಾಸನಸಭೆ, ಒಪ್ಪತಕ್ಕವರು ಗವರ್ನರರು. ೨೦೧೦ರ ನಡುವರ್ಷದಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನವು ರಿಪಬ್ಲಿಕನ್ನರ ಕೈಗೆ ಬಂದಿತು. ಮರುವರ್ಷ ಎಲ್ಲೆಗಳು ಎಳೆಯಲ್ಪಟ್ಟವು. ಪಕ್ಷದ ಲಾಭಕ್ಕೆಂದು ಎಳೆದ ಆ ನಕ್ಷೆಯನ್ನು ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು ರದ್ದುಮಾಡಿದ್ದು ೨೦೧೮ರಲ್ಲಿ. ಅಷ್ಟರಲ್ಲಿ ಅದರ ಮೇಲೆ ಮೂರು ಚುನಾವಣೆಗಳು ನಡೆದುಹೋಗಿದ್ದವು.

ಈ ದೂರದೇಶದ ಚುನಾವಣೆಗೆ ಕನ್ನಡನಾಡಿನವರೊಬ್ಬರೂ ಸ್ಪರ್ಧಿಸಿದ್ದುಂಟು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಜನಿಸಿದ ಶ್ರೀ ಥಾಣೇದಾರ್ ಅವರು ೨೦೧೮ರಲ್ಲಿ ಮಿಷಿಗನ್ ಸಂಸ್ಥಾನದ ಗವರ್ನರ್ ಪದವಿಗಾಗಿ ಡೆಮೊಕ್ರಾಟಿಕ್ ಪಕ್ಷದ ಒಳಚುನಾವಣೆಯಲ್ಲಿ ನಿಂತು ಸೋತರು. ೨೦೨೨ರಲ್ಲಿ ಕೇಂದ್ರ ಶಾಸನಸಭೆಯ ಕೆಳಮನೆಗೆ ಆರಿಸಲ್ಪಟ್ಟರು.

ಆದರೆ ಈ ವಿಷಯವು ನಮಗೆ ಸಂಬಂಧಿಸಿರುವುದು ಇಷ್ಟರಿಂದ ಮಾತ್ರವೇ ಅಲ್ಲ. ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗಳನ್ನು ಒಟ್ಟಿಗೆ ನಡೆಸಬೇಕೆಂಬ ಮಸೂದೆಯು ೨೦೨೪ರ ಡಿಸೆಂಬರಿನಲ್ಲಿ ನಮ್ಮ ಲೋಕಸಭೆಯಲ್ಲಿ ಮಂಡಿತವಾಗಿ, ಜಂಟಿ ಸಮಿತಿಯ ಪರಿಶೀಲನೆಗೆ ಕಳುಹಿಸಲ್ಪಟ್ಟಿತು. ಒಟ್ಟಿಗೆ ನಡೆಸಿದರೆ ವೆಚ್ಚವು ತಗ್ಗೀತು, ಆಡಳಿತಕ್ಕೆ ಅಡಚಣೆ ಕಡಿಮೆಯಾದೀತು ಎಂಬ ವಾದದಲ್ಲಿ ಸಾರವಿಲ್ಲದಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಮ್ಮ ಅನುಭವವನ್ನೇ ಇಟ್ಟು ನೋಡಬಹುದು. ೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಮತದಾರರು ೨೮ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ರಾಮಕೃಷ್ಣ ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸಿ ಜನರ ಮುಂದೆ ಹೋದಾಗ, ೧೯೮೫ರ ಮಾರ್ಚಿಯಲ್ಲಿ ಅದೇ ಮತದಾರರು ೨೨೪ ಸ್ಥಾನಗಳಲ್ಲಿ ೧೩೯ನ್ನು ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಇದ್ದುದು ಕೆಲವೇ ತಿಂಗಳು. ದಿನವು ಒಂದೇ ಆಗಿದ್ದಿದ್ದರೆ ಎರಡು ತೀರ್ಪುಗಳು ಇಷ್ಟು ಬೇರೆಯಾಗುತ್ತಿದ್ದವೆ? ಕ್ಯಾನ್ಸಸ್ಸಿನವರು ಕೇಳಿದ ಲೆಕ್ಕವನ್ನೇ ಕನ್ನಡಿಗರೂ ತಮ್ಮ ರೀತಿಯಲ್ಲಿ ಕೇಳಿದ್ದರು.

ಚುನಾವಣೆಯ ದಿನವನ್ನು ಬೇರ್ಪಡಿಸಿದ ಮಾತ್ರಕ್ಕೆ ವಿವೇಚನೆಯು ತಾನಾಗಿಯೇ ಹುಟ್ಟುವುದಿಲ್ಲ. ೨೦೧೪ರ ಅನುಭವವು ಅದಕ್ಕೆ ಸಾಕ್ಷಿಯಾಗಿದೆ. ದಿನವು ಕೊಡುವುದು ಅವಕಾಶವನ್ನು ಮಾತ್ರ. ಆ ಅವಕಾಶವನ್ನು ಉಳಿಸಿಕೊಳ್ಳಬೇಕೆ, ಮಿತವ್ಯಯಕ್ಕಾಗಿ ಬಿಟ್ಟುಕೊಡಬೇಕೆ ಎಂಬುದನ್ನು ನಿರ್ಧರಿಸುವ ಮುನ್ನ, ಒಂದು ಪ್ರಶ್ನೆಯನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಕೇಳಿಕೊಳ್ಳುವುದು ಉಚಿತವಾಗಿದೆ: ಕಳೆದ ಸಲ ವಿಧಾನಸಭೆಗೆ ಮತ ಕೊಟ್ಟಾಗ ನಾವು ನೆನೆದುದು ನಮ್ಮ ಊರಿನ ಶಾಲೆಯನ್ನೊ, ದೆಹಲಿಯ ಗಾಳಿಯನ್ನೊ?