ಚಾಲಕನ ದಣಿವು ಮತ್ತು ಯಂತ್ರದ ಎಚ್ಚರ

ಸ್ವಯಂಚಾಲಿತ ವಾಹನದ ಚರ್ಚೆ ಸಾಮಾನ್ಯವಾಗಿ ಯಂತ್ರದ ಕಣ್ಣುಗಳಾದ ಕ್ಯಾಮೆರಾ, ರೇಡಾರ್‌ಗಳಿಂದ ತೊಡಗುತ್ತದೆ. ಆದರೆ ಗಂಗಾವತಿಯ ಅಕ್ಕಿ ಗಿರಣಿಗಳಿಂದ ರಾತ್ರಿ ಹೊರಡುವ ಲಾರಿಗಳನ್ನೂ ಕುಷ್ಟಗಿಯ ಮೂಲಕ ವಿಜಯಪುರದ ಕಡೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯನ್ನೂ ಬಲ್ಲವರು ಅದನ್ನು ಚಾಲಕನ ಕಣ್ಣಿನಿಂದಲೇ ಆರಂಭಿಸಬೇಕಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯ ದುಡಿಮೆಯನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗಳಿಗೆ ಮಿತಗೊಳಿಸಿತಾದರೂ, ಸಂಪಾದನೆ ಟ್ರಿಪ್ಪಿನ ಲೆಕ್ಕದಲ್ಲಿ ನಡೆಯುವಲ್ಲಿ ಅಂಥ ಮಿತಿ ಕಾಗದದಲ್ಲೇ ಉಳಿಯುತ್ತದೆ. ನಡುರಾತ್ರಿ ಕಳೆದು 2ರಿಂದ 5 ಗಂಟೆಯ ನಡುವೆ ದೇಹದ ಒಳಗಡಿಯಾರವೇ ನಿದ್ದೆಯನ್ನು ಬೇಡುವಾಗ ಚಹಾ, ಎಲೆ ಅಡಿಕೆ, ಮುಖಕ್ಕೆ ಎರಚಿಕೊಂಡ ತಣ್ಣೀರು ಯಾವುವೂ ತೂಕಡಿಕೆಯನ್ನು ಬಹಳ ಹೊತ್ತು ತಡೆಯಲಾರವು. ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡು ರೆಪ್ಪೆ ಮುಚ್ಚಿದರೆ ಲಾರಿ 50 ಮೀಟರ್ ದೂರವನ್ನು ಯಾರ ಹಿಡಿತವೂ ಇಲ್ಲದೆ ದಾಟಿರುತ್ತದೆ.

ಯಂತ್ರವೇ ಓಡಿಸಿದರೂ ಈ ದಣಿವಿನ ಪ್ರಶ್ನೆ ತಪ್ಪದು. ವಾಹನಗಳ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತಗಳಾಗಿ ಗುರುತಿಸಲಾಗಿದ್ದು, ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದುದು 3ನೆಯದು. ಅಲ್ಲಿ ಯಂತ್ರ ತಾನೇ ಓಡಿಸುತ್ತಿದ್ದು, ತನ್ನ ಕೈಮೀರಿದಾಗ ಮಾತ್ರ ಮನುಷ್ಯನನ್ನು ಕರೆಯುತ್ತದೆ. 2020ರಲ್ಲಿ ವಿಶ್ವಸಂಸ್ಥೆಯ ವೇದಿಕೆ ಅಂಗೀಕರಿಸಿದ ನಿಯಮದಂತೆ ಆ ಕರೆಗೆ ಓಗೊಡಲು ಸುಮಾರು 10 ಸೆಕೆಂಡುಗಳ ಅವಕಾಶವಿದೆ. ಸುಲಭದ ಕೆಲಸವನ್ನು ಯಂತ್ರಕ್ಕೆ ವಹಿಸಿದಾಗ ಕಠಿಣವಾದುದು ಅಭ್ಯಾಸ ತಪ್ಪಿದ ಮನುಷ್ಯನ ಪಾಲಿಗೆ ಉಳಿಯುತ್ತದೆಂದು ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ತೋರಿಸಿಕೊಟ್ಟಿದ್ದರು.

ಈ ಮಾತಿನ ಅರ್ಥ ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ರಾಶಿಯ ಕಾಲಕ್ಕೆ ಕಣ್ಣಿಗೆ ಕಟ್ಟುತ್ತದೆ. ಗಾಲಿಗಳೇ ಒಕ್ಕಲಿ ಎಂದು ರೈತರು ಹುರುಳಿ, ತೊಗರಿಯ ಬಳ್ಳಿ ಕಟ್ಟಿಗೆಗಳನ್ನು ಡಾಂಬರಿನ ಮೇಲೆ ಹರಡಿ, ಅಂಚಿಗೆ ಕಲ್ಲಿನ ಸಾಲು ಇಟ್ಟಿರುತ್ತಾರೆ. ಕಣವಿಲ್ಲದವನಿಗೆ ರಸ್ತೆಯೇ ಕಣ. ಬಿಳಿ ಗೆರೆಯನ್ನು ನೆಚ್ಚಿ ಸಾಗುವ ಯಂತ್ರಕ್ಕೆ ಅಲ್ಲಿ ಗೆರೆಯೇ ಕಾಣದು, ಆಗ ಅದು ಕರೆಯುವುದು ತೂಕಡಿಸುತ್ತಿರುವವನನ್ನು.

ಆದ್ದರಿಂದ ಯಂತ್ರ ರಸ್ತೆಗಿಂತ ಮೊದಲು ಚಾಲಕನನ್ನು ಅರಿಯಬೇಕು. ಕತ್ತಲಲ್ಲೂ ಕಾಣುವ ಅವಕೆಂಪು ಕ್ಯಾಮೆರಾ ಒಂದು ನಿಮಿಷದಲ್ಲಿ ರೆಪ್ಪೆಗಳು ಎಷ್ಟು ಹೊತ್ತು ಪಾಪೆಯನ್ನು ಬಹುಪಾಲು ಮುಚ್ಚಿದ್ದವೆಂದು ಅಳೆದು ದಣಿವನ್ನು ಗುರುತಿಸಬಲ್ಲದು. ಯುರೋಪ್ ಒಕ್ಕೂಟದಲ್ಲಿ ತೂಕಡಿಕೆಯ ಎಚ್ಚರಿಕೆ ವ್ಯವಸ್ಥೆ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಆದರೆ ಆ ಅಳತೆ ಮಾಲೀಕನ ಕೈಯಲ್ಲಿ ಕೂಲಿ ಕಡಿತದ ಸಾಕ್ಷಿಯಾಗುವುದಾದರೆ ಚಾಲಕ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚುವುದು ಸಹಜವೇ. ಭಾರತದಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು, ಬಿಸಿಲಿಗೆ ಬೇಯುವ ಈ ಸೀಮೆಯ ಮಟ್ಟಿಗೆ, ಚಾಲಕನ ದೇಹವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಹೆಜ್ಜೆಗಳಲ್ಲಿ ಒಂದು. ಮುಂದಿನ ಯಂತ್ರ ಬರಿದೇ ಕಿರುಚದೆ, ಲಾರಿ ನಿಲ್ಲಿಸಲು ಜಾಗವಿರುವ ಹತ್ತಿರದ ಢಾಬಾ ಅಥವಾ ಪೆಟ್ರೋಲ್ ಬಂಕನ್ನು ಕನ್ನಡದಲ್ಲಿ ತಿಳಿಸಿ, ಅಲ್ಲಿ ಮಲಗಿದ ಅರ್ಧ ಗಂಟೆಯನ್ನು ತಡವೆಂದಲ್ಲದೆ ದುಡಿಮೆಯೆಂದೇ ಬರೆದುಕೊಳ್ಳುವಂತಿರಬೇಕು.